ಹಳ್ಳದಾಚೆಯ ನಾಲ್ಕನೇ ಕ್ಲಾಸು

ಸಿಟ್ಟು ಬಂದಾಗ ಕೆಲವರು ಪಾತ್ರೆ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಅರ್ಜಿ ಹಾಕುತ್ತೇನೆ. ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗಿನಲ್ಲಿ ಎಂ.ಟೆಕ್ ಮಾಡಬೇಕೆಂದು ನಾನು ಅರ್ಜಿ ಹಾಕಿದ್ದು ಕೂಡ ಸಿಟ್ಟಿನಲ್ಲೇ.

ಆಗ ಮಧುಗಿರಿಯಲ್ಲಿ ಒಬ್ಬ ಕಂಟ್ರಾಕ್ಟರ ಬಳಿ ಸೈಟ್ ಎಂಜಿನಿಯರ್ ಆಗಿದ್ದೆ. ಹತ್ತಿರದ ಹಳ್ಳಿಯೊಂದರಲ್ಲಿ ಓವರ್‌ಹೆಡ್ ಟ್ಯಾಂಕು ಕಟ್ಟಿ ಮುಗಿಸಿದ್ದೆವು. ಬಣ್ಣ ಬಳಿದು, ಊರಿನ ಹೆಸರು ಬರೆಸಿದ ದಿನ ಒಬ್ಬಳು ಅಜ್ಜಿ ಬಂದು ಕತ್ತು ಮೇಲೆತ್ತಿ ನೋಡಿ, "ಚಂದಾಗೈತೆ ಕಣಮ್ಮ. ಇದ್ಕೆ ನೀರು ಎಲ್ಲಿಂದ ಬುಡ್ತೀರ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕಂಟ್ರಾಕ್ಟರನ್ನು ಕೇಳಿದೆ. "ಅದು ಬೇರೆ ಎಸ್ಟಿಮೇಟು, ನಿಮಗ್ಯಾಕೆ" ಎಂದರು. ಆ "ನಿಮಗ್ಯಾಕೆ" ನನ್ನ ನೆತ್ತಿಗೇರಿತು. ಅಂದೇ ಸಂಜೆ ಕೆಲಸ ಬಿಟ್ಟು ಬಂದೆ. ಬರುವಾಗ ನಾಲ್ಕು ಮಾತು ಆಡಿಯೇ ಬಂದೆ, ಅವನ್ನು ಇಲ್ಲಿ ಬರೆಯುವಂತಿಲ್ಲ. ಹೀಗಾಗಿ ಸೀಟು ಸಿಗದಿದ್ದರೆ ಅದೇ ಕಂಟ್ರಾಕ್ಟರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಮಧುಗಿರಿಯಲ್ಲಿ ಹುಡುಗಿಯೊಬ್ಬಳನ್ನು ಸೈಟಿಗೆ ಕಳಿಸುತ್ತಿದ್ದವರು ಅವರೊಬ್ಬರೇ.

ಪ್ರವೇಶ ಪರೀಕ್ಷೆಯನ್ನು ಮೊದಲೇ ಬರೆದಿಟ್ಟಿದ್ದೆ. ರ್‍ಯಾಂಕು ಹೇಳಿಕೊಳ್ಳುವಂಥದ್ದಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಸಾಮಾನ್ಯ ಪಟ್ಟಿಯಲ್ಲಿ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆದರೆ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಬೇರೆ ಪಟ್ಟಿಯಿತ್ತು. ಅದರಲ್ಲಿ ನನಗೆ ಸೀಟು ಖಂಡಿತ ಎಂದು ಸೈಬರ್ ಸೆಂಟರಿನವನೇ ಹೇಳಿದ. ಅವನು ತಾಲ್ಲೂಕಿನ ಅರ್ಧ ಮಕ್ಕಳ ಅರ್ಜಿ ತುಂಬಿದವನು, ಅವನ ಮಾತನ್ನು ನಂಬಬಹುದಿತ್ತು. "ಓದಿದ ಸ್ಕೂಲಿಂದೆಲ್ಲ ಸ್ಟಡಿ ಸರ್ಟಿಫಿಕೇಟ್ ತನ್ನಿ ಮೇಡಂ. ಒಂದು ವರ್ಷ ಆಚೀಚೆ ಆದ್ರೂ ಆ ಲಿಸ್ಟಲ್ಲಿ ತಗಳಲ್ಲ" ಎಂದ.

ಓದಿದ ಸ್ಕೂಲೇನೋ ಒಂದೆರಡಲ್ಲ. ನಮ್ಮಮ್ಮ ಆರೋಗ್ಯ ಇಲಾಖೆಯಲ್ಲಿ ನರ್ಸು. ಅಂದರೆ ಬಿಳಿ ಕೋಟಿನ ಆಸ್ಪತ್ರೆಯ ನರ್ಸಲ್ಲ, ಹಳ್ಳಿಗಳ ಸಬ್ ಸೆಂಟರಿನಲ್ಲಿ ಇದ್ದುಕೊಂಡು ಹೆರಿಗೆ ಮಾಡಿಸುವ, ಮಕ್ಕಳಿಗೆ ಲಸಿಕೆ ಹಾಕುವ, ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಯುವ ನರ್ಸಮ್ಮ. ಮೊದಲು ಪಾವಗಡದ ಗಡಿ ಹಳ್ಳಿ, ಆಮೇಲೆ ಸಿರಾದ ಕಳ್ಳಂಬೆಳ್ಳದ ಕಡೆ, ಆಮೇಲೆ ಕೊರಟಗೆರೆಯ ತೋವಿನಕೆರೆಯ ಕಡೆ, ಕೊನೆಗೆ ಮಧುಗಿರಿ. ವರ್ಗವಾದಲ್ಲೆಲ್ಲ ಒಂದು ಟ್ರಂಕು, ಒಂದು ಗ್ಯಾಸ್ ಸಿಲಿಂಡರ್, ನಾನು. ಅಪ್ಪನಿಗೆ ಮಧುಗಿರಿಯಲ್ಲಿ ಟೈಲರಿಂಗ್ ಅಂಗಡಿ ಇತ್ತು, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಮೂರು ತಾಲ್ಲೂಕುಗಳಲ್ಲೂ ನನಗೆ ಹೆಸರೇ ಇರಲಿಲ್ಲ. ಎಲ್ಲರಿಗೂ ನಾನು "ನರ್ಸಮ್ಮನ ಮಗ್ಳು". ಆಗ ಅದಕ್ಕೆ ಉರಿದುಬೀಳುತ್ತಿದ್ದೆ. ಈಗ ಯಾರಾದರೂ ಹಾಗೆ ಕರೆದರೆ ಸಾಕು, ಎದೆ ತುಂಬಿಬರುತ್ತದೆ.

ಸರ್ಟಿಫಿಕೇಟು ತರಲು ಅಮ್ಮ ರಜೆ ಹಾಕಿ ನನ್ನ ಜೊತೆ ಹೊರಟರು. "ನೀನೊಬ್ಳೆ ಹೋದ್ರೆ ಕ್ಲರ್ಕ್ ಜೊತೆ ಜಗ್ಳ ಆಡ್ಕಂಡು ಬರ್ತೀಯ" ಎಂದರು. ನನ್ನನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ.

ತೋವಿನಕೆರೆ ಕಡೆಗೆ ಸ್ಕೂಟಿಯಲ್ಲೇ ಹೋದೆವು. ಕೊರಟಗೆರೆ ದಾಟುತ್ತಿದ್ದಂತೆ ಚನ್ನರಾಯನದುರ್ಗದ ಬೆಟ್ಟ ಕಂಡಿತು. ಹಿಂದೆ ಕೂತಿದ್ದ ಅಮ್ಮ ನನ್ನ ಭುಜ ತಟ್ಟಿ, "ಪೋಲಿಯೊ ದಿನ ಅಲ್ಲಿ ಹತ್ತಿದ್ವಲ್ಲ, ಗ್ಯಾಪ್ನ ಐತಾ?" ಎಂದರು. ಇಲ್ಲದೆ ಏನು? ಲಸಿಕೆಯ ನೀಲಿ ಡಬ್ಬ ಹೊರುವ ಕೆಲಸ ನನ್ನದು. ಅದರೊಳಗಿನ ಐಸಿನ ತುಂಡನ್ನು ಅಮ್ಮನಿಗೆ ಕಾಣದಂತೆ ತೆಗೆದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ. ಹನಿ ಹಾಕಿದ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಬರೆಯುವುದೂ ನನ್ನದೇ. ಎಂಥ ದರ್ಬಾರು ಅದು. ಸ್ಕೂಲಿನಲ್ಲಿ ನನ್ನ ಜಡೆ ಎಳೆದವರ ಮನೆಯ ಬಾಗಿಲ ಮೇಲೆ ಬೇಕೆಂದೇ ಸೊಟ್ಟಸೊಟ್ಟಗೆ ಬರೆದು ಬರುತ್ತಿದ್ದೆ.

ತೋವಿನಕೆರೆ ಕಡೆಯ ಸ್ಕೂಲಿನಲ್ಲಿ ಎಂಟರಿಂದ ಹತ್ತರವರೆಗಿನ ಸರ್ಟಿಫಿಕೇಟು ಮಾತಿಲ್ಲದೆ ಸಿಕ್ಕಿತು. ಕಳ್ಳಂಬೆಳ್ಳದ ಕಡೆ ಐದರಿಂದ ಏಳರವರೆಗಿನದು ಕಾಫಿಯ ಜೊತೆ ಸಿಕ್ಕಿತು. ಅಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬರು ಕೈಯಲ್ಲಿ ಸೌಟು ಹಿಡಿದೇ ಓಡಿಬಂದು ಅಮ್ಮನ ಕೈ ಹಿಡಿದುಕೊಂಡರು. ಅವರ ಮೂರು ಮಕ್ಕಳನ್ನೂ ಅಮ್ಮನೇ ಹೆರಿಗೆ ಮಾಡಿಸಿದ್ದರಂತೆ. ನನ್ನನ್ನು ನೋಡಿ, "ಇವ್ಳು ಯಾರು ಸಿಸ್ಟರ್?" ಎಂದರು. ಮೂರು ವರ್ಷ ಆ ಊರಿನಲ್ಲಿ ಓದಿ ಬೆಳೆದ ನಾನು ಅಮ್ಮನ ಬೆನ್ನ ಹಿಂದೆ ಹಲ್ಲು ಕಡಿದೆ. ಹೊರಡುವಾಗ ಅಮ್ಮ ಕೆರೆ ಏರಿಯ ಮೇಲೆ ಸ್ಕೂಟಿ ನಿಲ್ಲಿಸಲು ಹೇಳಿ ನೀರು ಎಷ್ಟಿದೆ ಎಂದು ಇಣುಕಿ ನೋಡಿದರು. ಸಿರಾ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮಾಡಿಸುವಾಗ ಅಂಗಡಿಯ ಸಾಹೇಬರು, "ಎಷ್ಟು ಓದ್ತೀ ಬೇಟಿ, ನಮ್ಗೂ ಸ್ವಲ್ಪ ಬಿಡು" ಎಂದು ನಕ್ಕರು. ಎಲ್ಲವೂ ಸಲೀಸಾಗಿ ನಡೆಯುತ್ತಿತ್ತು. ಅಷ್ಟು ಸಲೀಸಾಗಿ ನಡೆದಾಗಲೇ ನನಗೆ ಅನುಮಾನ ಬರಬೇಕಿತ್ತು.

ಉಳಿದದ್ದು ಪಾವಗಡದ ಗಡಿ ಹಳ್ಳಿ, ಒಂದರಿಂದ ನಾಲ್ಕನೇ ಕ್ಲಾಸು. ಅಲ್ಲಿಗೆ ಬಸ್ಸಿನಲ್ಲಿ ಹೋದೆವು. ಪಾವಗಡದ ದಾರಿಯೇ ಹಾಗೆ, ಬಸ್ಸು ನಡುನಡುವೆ ಆಂಧ್ರಕ್ಕೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಒಳಗೆ ಕೂತವರಿಗೆ ಅದು ಗೊತ್ತೂ ಆಗುವುದಿಲ್ಲ. ಅಂಗಡಿ ಬೋರ್ಡಿನ ಅಕ್ಷರ ನೋಡಿ ತಿಳಿದುಕೊಳ್ಳಬೇಕು.

ಹೆಡ್ ಮಾಸ್ಟರು ಆ ಊರಿನವರೇ. ನಾನು ಓದುವಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರು, ಬೇರೆಲ್ಲೆಲ್ಲೋ ಸುತ್ತಿ ಮತ್ತೆ ಇಲ್ಲಿಗೇ ಬಂದಿದ್ದರು. ಅಮ್ಮನನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟರು. ಹಳೆಯ ರಿಜಿಸ್ಟರಿನ ಧೂಳು ಕೊಡವಿ ಹುಡುಕಿ, ಒಂದರಿಂದ ಮೂರು ಬರೆದು ಪೆನ್ನು ನಿಲ್ಲಿಸಿದರು.

"ನಾಲ್ಕ್ನೇ ಕ್ಲಾಸಿಗೆ ಟಿ.ಸಿ. ಇಸ್ಕಂಡು ಹೋಗಿದ್ದೀರಲ್ಲ ಸಿಸ್ಟರ್. ಹಳ್ಳದಾಚೆ ಸ್ಕೂಲಿಗೆ."

ನನಗೂ ಆಗ ನೆನಪಾಯಿತು. ಹೌದಲ್ಲ, ನಾಲ್ಕನೇ ಕ್ಲಾಸು ಹಳ್ಳದಾಚೆ. "ಸರಿ, ಅಲ್ಲಿ ಹೋಗಿ ಬರೆಸ್ಕಂಡು ಬರ್ತೀವಿ ಸಾರ್" ಎಂದು ಹೊರಟೆವು. ಅವರೂ ತಡೆಯಲಿಲ್ಲ. ಹಳ್ಳದಾಚೆ ಎಂದರೆ ನಮ್ಮೆಲ್ಲರಿಗೂ ಹಳ್ಳದಾಚೆ, ಅಷ್ಟೇ. ಸೊಪ್ಪಿಗೆ ಹೋಗುವುದು ಅಲ್ಲಿಗೆ, ಹಿಟ್ಟಿನ ಗಿರಣಿಗೆ ಹೋಗುವುದು ಅಲ್ಲಿಗೆ. ಅಲ್ಲಿನ ಬಸುರಿ ಹೆಂಗಸರು ಬಂದು ಬಾಗಿಲು ಬಡಿಯುತ್ತಿದ್ದುದು ಅಮ್ಮನ ಕ್ವಾರ್ಟರ್ಸಿಗೆ. ಆಂಧ್ರ ಎಂದರೆ ಬಸ್ಸು ಹತ್ತಿ ಟಿಕೆಟ್ ತೆಗೆದುಕೊಂಡು ಹೋಗುವ ಹಿಂದೂಪುರ. ಚಪ್ಪಲಿ ಕೈಯಲ್ಲಿ ಹಿಡಿದು ಮರಳು ದಾಟಿ ಹೋಗುವ ಊರನ್ನು ಬೇರೆ ರಾಜ್ಯ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ಹಳ್ಳದಲ್ಲಿ ನೀರಿರಲಿಲ್ಲ. ಮರಳಿಗೆ ಕಾಲಿಟ್ಟದ್ದೇ ತಡ, ನನಗೆ ಆ ವರ್ಷವೆಲ್ಲ ಒಮ್ಮೆಗೇ ನೆನಪಾಯಿತು. ಆಚೆ ಸ್ಕೂಲಿನಲ್ಲಿ ಕನ್ನಡ ಕಲಿಸುವ ಒಬ್ಬ ಮೇಷ್ಟ್ರಿದ್ದರು, ಮಗ್ಗಿಯನ್ನು ಹಾಡಿನಂತೆ ಹೇಳಿಸುತ್ತಿದ್ದರು. ಪಾಠ ಕನ್ನಡದಲ್ಲಿ, ಕುಂಟೆಬಿಲ್ಲೆ ತೆಲುಗಿನಲ್ಲಿ, ಜಗಳ ಎರಡರಲ್ಲೂ. ತೆಲುಗಿನಲ್ಲಿ ಬೈಯುವುದನ್ನು ನಾನು ಕಲಿತದ್ದು ಅಲ್ಲೇ, ಕಂಟ್ರಾಕ್ಟರಿಗೆ ಅಂದು ಆಡಿದ ನಾಲ್ಕು ಮಾತಿನಲ್ಲಿ ಎರಡು ಅಲ್ಲಿಯವೇ. ಮಧ್ಯಾಹ್ನ ಊಟದ ಹೊತ್ತಿಗೆ ಮೇಷ್ಟ್ರು ಬಾವಿಯಿಂದ ನೀರು ಸೇದಿ, ಸಾಲಾಗಿ ಬೊಗಸೆಯೊಡ್ಡಿ ನಿಂತ ನಮಗೆಲ್ಲ ಹುಯ್ಯುತ್ತಿದ್ದರು. ಕುಡಿದದ್ದಕ್ಕಿಂತ ಅಂಗಿ ನೆನೆಸಿಕೊಂಡದ್ದೇ ಹೆಚ್ಚು. ಮೇಲೆಲ್ಲೋ ಮಳೆಯಾಗಿ ಹಳ್ಳ ಬಂದರೆ ನಾನು ಆಚೆಯೇ ಉಳಿದುಬಿಡುತ್ತಿದ್ದೆ. ಆಗ ಮೇಷ್ಟ್ರು ದಡಕ್ಕೆ ಬಂದು, ಬಾಯಿಗೆ ಎರಡೂ ಕೈ ಹಿಡಿದು, "ನರ್ಸಮ್ಮಾ, ನೀ ಕೂತುರು ಮಾ ಇಂಟ್ಲೋ ಉಂದಿ" ಎಂದು ಕೂಗುತ್ತಿದ್ದರು. ನಿನ್ನ ಮಗಳು ನಮ್ಮ ಮನೆಯಲ್ಲಿದ್ದಾಳೆ ಎಂದು. ಈಚೆ ದಡದಿಂದ ಅಮ್ಮ ಸೆರಗು ಬೀಸುತ್ತಿದ್ದರು. ಅವರ ಮನೆಯಲ್ಲಿ ಮುದ್ದೆ ಮತ್ತು ಹುರುಳಿ ಸಾರು ಉಂಡು ಅವರ ಮಕ್ಕಳ ಜೊತೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆ. ನಾನು ನಾನಾಗಿದ್ದ ಮೊದಲ ವರ್ಷ ಅದು. ಅಲ್ಲಿ ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದರು.

ಸ್ಕೂಲು ಹಾಗೆಯೇ ಇತ್ತು. ಆ ಮೇಷ್ಟ್ರು ಇರಲಿಲ್ಲ, ತೀರಿಹೋಗಿ ಬಹಳ ವರ್ಷವಾಯಿತಂತೆ. ಮನಸ್ಸು ಪಿಚ್ಚೆಂದಿತು. ಈಗಿನ ಹೆಡ್ ಮಾಸ್ಟರು ತೆಲುಗು ಬೆರೆಸಿ, "ರಾಮ್ಮಾ, ಕೂತ್ಕೋ. ಯಾವ ಸಂವತ್ಸರಂ?" ಎನ್ನುತ್ತ ರಿಜಿಸ್ಟರ್ ಹುಡುಕಿದರು. ಅವರು ಬರೆಯುವಾಗ ಅಮ್ಮ ಹೊರಗೆ ಹೋಗಿ ಬಾವಿಯ ಬಳಿ ನಿಂತಿದ್ದರು. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದರು, ಮಕ್ಕಳಿಗೆ ಕುಡಿಯಲು ಈಗ ಕ್ಯಾನಿನ ನೀರು ಬರುತ್ತಿತ್ತು. ಅಮ್ಮ ಜಾಲರಿಗೆ ಮುಖ ಒತ್ತಿ ತುಂಬಾ ಹೊತ್ತು ಒಳಗೆ ನೋಡಿದರು. ಬಿಸಿಲಿಗೆ ತಲೆ ಸುತ್ತೀತು, ಒಳಗೆ ಬನ್ನಿ ಎಂದು ಕರೆದೆ.

ಹೆಡ್ ಮಾಸ್ಟರು ಸೀಲು ಒತ್ತಿ ಕೊಟ್ಟ ಕಾಗದ ನೋಡಿದೆ. ದುಂಡಗಿನ ಸೀಲಿನ ಸುತ್ತ ತೆಲುಗು ಅಕ್ಷರ. ಕೆಳಗೆ ಇಂಗ್ಲಿಷಿನಲ್ಲಿ ಆಂಧ್ರ ಪ್ರದೇಶ. ನಾನು ಅದನ್ನೇ ನೋಡುತ್ತ ನಿಂತೆ. ಬಿ.ಇ. ಓದಿದವಳು, ಸರ್ವೆ ಮಾಡಿದವಳು, ಊರೂರ ನಕಾಶೆ ಬಿಡಿಸಿದವಳು, ನಾನು ಓದಿದ ಶಾಲೆ ಯಾವ ರಾಜ್ಯದಲ್ಲಿದೆ ಎಂದು ಆ ಗಳಿಗೆಯವರೆಗೂ ಯೋಚಿಸಿರಲಿಲ್ಲ. ಒಂದು ವರ್ಷ ಆಚೀಚೆ ಆದರೂ ಆ ಪಟ್ಟಿಯಲ್ಲಿ ತೆಗೆದುಕೊಳ್ಳುವುದಿಲ್ಲ ಎಂದಿದ್ದ ಸೈಬರ್ ಸೆಂಟರಿನವನ ಮುಖ ಕಣ್ಣ ಮುಂದೆ ಬಂತು. ಖಂಡಿತ ಎಂದಿದ್ದ ಸೀಟು ಆ ಸೀಲಿನೊಂದಿಗೆ ಹೋಯಿತು.

ಅಮ್ಮನಿಗೆ ತೋರಿಸಿದೆ. ಓದಿದರು. ಮರಳು ದಾಟುವಾಗ ನನಗಿಂತ ಮುಂದೆ ಬೇಗಬೇಗ ನಡೆದರು, ಹಿಂದೆ ತಿರುಗಿ ನೋಡಲಿಲ್ಲ. ನೇರವಾಗಿ ಮೊದಲಿನ ಸ್ಕೂಲಿಗೇ ಹೋಗಿ, ಹೆಡ್ ಮಾಸ್ಟರ ಮೇಜಿನ ಮೇಲೆ ಆ ಕಾಗದ ಇಟ್ಟು, "ಇಂಗಾಗೋಯ್ತಲ್ಲ ಸಾರ್" ಎಂದರು.

ಅವರು ಕನ್ನಡಕ ಏರಿಸಿ ನೋಡಿದರು. ಪೆನ್ನಿನ ಕ್ಯಾಪು ತಿರುಗಿಸುತ್ತ ದನಿ ತಗ್ಗಿಸಿ ಹೇಳಿದರು, "ನಾನು ಒಂದ್ರಿಂದ ನಾಲ್ಕು ಅಂತ ಬರ್ದು ಕೊಟ್ಬುಡ್ತೀನಿ ಸಿಸ್ಟರ್. ಮಗು ಈ ಊರ್ನಾಗೆ ಇದ್ದಿದ್ದು ಸುಳ್ಳಾ? ಯಾರು ಬಂದು ನೋಡ್ತಾರೆ? ನನ್ನ ಮಗೂನ ಬದುಕ್ಸಿ ಕೊಟ್ಟೋರು ನೀವು."

ನಾನು ಅಮ್ಮನ ಮುಖ ನೋಡಿದೆ. ಈ ಅಮ್ಮ ಯಾರೆಂದುಕೊಂಡಿರಿ? ಹೋಗದ ಮನೆಗೆ ಹೋದೆನೆಂದು ಒಂದು ಸಲವೂ ಬರೆಯದವರು. ಬಾಗಿಲು ಹಾಕಿದ್ದ ಮನೆಗೆ ಸೀಮೆಸುಣ್ಣದ ಗುರುತು ಹಾಕಿದ್ದಕ್ಕೆ ನನ್ನ ಕಿವಿ ಹಿಂಡಿ, ವಾಪಸ್ಸು ಕರೆದುಕೊಂಡು ಹೋಗಿ ಆ ಗುರುತನ್ನು ಒರೆಸಿ ಹಾಕಿಸಿದವರು. ಅವರು ಈಗಲೂ ಬೇಡ ಎನ್ನುತ್ತಾರೆ, ನಾನು ಸಿಡಿದೇಳುತ್ತೇನೆ, ಬಸ್ಸಿನ ದಾರಿಯುದ್ದಕ್ಕೂ ಜಗಳವಾಗುತ್ತದೆ ಎಂದು ತಯಾರಾಗಿ ನಿಂತಿದ್ದೆ.

"ಬರ್ಕೊಡಿ ಸಾರ್" ಎಂದರು ಅಮ್ಮ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರು ನನ್ನ ಕಡೆ ತಿರುಗದೆಯೇ, "ಬರೆಸ್ಕೊಳೆ. ನನ್ನಿಂದ ನಿನ್ ಸೀಟು ಹೋಗೋದು ಬ್ಯಾಡ" ಎಂದರು.

ಹೆಡ್ ಮಾಸ್ಟರು ಹೊಸ ಫಾರಂ ತೆಗೆದು ಹೆಸರು ಬರೆಯತೊಡಗಿದರು. ಆಗ ನನಗೆ ಏನಾಯಿತೋ. ಪ್ರಾಮಾಣಿಕತೆ ಗೀಮಾಣಿಕತೆ ಏನೂ ಅಲ್ಲ, ಅಷ್ಟು ದೊಡ್ಡವಳು ನಾನಲ್ಲ. ಸೀಟು ನನಗೆ ಬೇಕೇಬೇಕಿತ್ತು. ಆದರೆ ಆ ಫಾರಂ ಪ್ರಕಾರ ನಾನು ಹಳ್ಳ ದಾಟಿಯೇ ಇಲ್ಲ. ಹಳ್ಳದಾಚೆಯ ಮೇಷ್ಟ್ರು ದಡದಲ್ಲಿ ನಿಂತು ಕೂಗಿಲ್ಲ, ಆ ಚಾಪೆಯಲ್ಲಿ ನಾನು ಮಲಗಿಲ್ಲ. ತೀರಿಹೋದ ಅವರನ್ನು ಮತ್ತೊಮ್ಮೆ ಇಲ್ಲವಾಗಿಸಿದ ಹಾಗೆ ಅನ್ನಿಸಿತು.

"ಬೇಡ ಸಾರ್. ಮೂರರವರೆಗೆ ಬರೆದಿದ್ದೀರಲ್ಲ, ಅದನ್ನೇ ಕೊಡಿ" ಎಂದೆ.

"ಹಟ ಮಾಡ್ಬ್ಯಾಡ ಕಣೆ" ಎಂದರು ಅಮ್ಮ.

"ನಾಲ್ಕನೇ ಕ್ಲಾಸು ನಾನು ಅಲ್ಲೇ ಓದಿದ್ದು. ಅದನ್ನ ಯಾರಿಗೂ ಬಿಟ್ಟುಕೊಡಲ್ಲ" ಎಂದು ಸಿಟ್ಟಿನಲ್ಲೇ ಹೇಳಿ, ಮೂರರವರೆಗಿನ ಕಾಗದ ತೆಗೆದುಕೊಂಡು ಹೊರಗೆ ಬಂದೆ. ಹೊಸ ಫಾರಮನ್ನು ಹೆಡ್ ಮಾಸ್ಟರು ಮಡಿಸಿ ಡ್ರಾಯರಿಗೆ ಹಾಕಿದರು.

ಬಸ್ಸಿಗೆ ಹುಣಸೆಮರದ ಕೆಳಗೆ ಕಾಯುತ್ತ ಕೂತೆವು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರೆಂದುಕೊಂಡೆ. ನೋಡಿದರೆ ಅಳುತ್ತಿದ್ದರು. ನಾನು ಅವರು ಅತ್ತದ್ದನ್ನು ಅಷ್ಟಾಗಿ ಕಂಡವಳಲ್ಲ. "ಬಿಡಮ್ಮ, ಅದು ಆಂಧ್ರ ಅಂತ ಯಾರಿಗೆ ಗೊತ್ತಿತ್ತು?" ಎಂದೆ.

"ನಂಗೆ ಗೊತ್ತಿತ್ತು" ಎಂದರು.

ನಾನು ಅವರ ಕಡೆ ತಿರುಗಿ ಕೂತೆ.

"ತಿಂಗ್ಳು ತಿಂಗ್ಳು ರಿಪೋರ್ಟ್ ಬರೀತಿದ್ದೋಳು ನಾನು. ನನ್ ಏರಿಯಾ ಹಳ್ಳದ ತಂಕ ಅಂತ ಗೊತ್ತಿರಲ್ವ? ಗೊತ್ತಿದ್ದೇ ಕಳ್ಸಿದ್ದು. ಅದು ನಿನ್ ಸೀಟಿಗೆ ಅಡ್ಡ ಬರ್ತೈತೆ ಅಂತ ಮಾತ್ರ ಹೊಳೀಲಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುಂದುವರಿಸಿದರು. "ನಿಂಗೆ ಮುಂದ್ಲ ಹಲ್ಲು ಹೊಸ್ದಾಗಿ ಬಂದಿದ್ವು. ಬರ್ತಾನೇ ಕಂದು ಗೆರೆ. ಇಲ್ಲಿ ಸ್ಕೂಲ್ ಬೋರಿಂಗ್ ನೀರು ಕುಡ್ದ ಮಕ್ಳಿಗೆಲ್ಲ ಅಂಗೇ ಇತ್ತು, ದೊಡ್ಡ ಮಕ್ಳಿಗೆ ಇನ್ನೂ ಜಾಸ್ತಿ. ಒಂದಿನ ಹೆರಿಗೆಗೆ ಅಂತ ಆಚೆ ಹೋಗಿದ್ದೆ. ಸ್ಕೂಲ್ ಬುಟ್ಟಿತ್ತು. ಮಕ್ಳು ನಕ್ಕಂಡು ಓಡಿ ಬರ್ತಿದ್ವು. ಹಲ್ಲು ಬೆಳ್ಳಗಿದ್ವು ಕಣೆ. ಬಾವಿ ನೀರು ಅಂತ. ನಾನು ನೋಡಿದ್ದು ಅಷ್ಟೇ. ಮಧ್ಯಾನ ಒಂದೊತ್ತಾದ್ರೂ ನನ್ ಮಗ್ಳು ಒಳ್ಳೆ ನೀರು ಕುಡೀಲಿ ಅಂತ ಟಿ.ಸಿ. ಇಸ್ಕಂಡೆ. ಮನೆಗೂ ಅಲ್ಲಿಂದ್ಲೇ ಒಂದು ಬಿಂದ್ಗೆ ತರ್ತಿದ್ದೆ. ಆಮ್ಯಾಕೆ ಓಡಾಡಿ ಟ್ರಾನ್ಸ್‌ಫರ್ ಮಾಡ್ಸ್ಕಂಡೆ."

ಆ ಟ್ರಾನ್ಸ್‌ಫರನ್ನು ಅವರೇ ಕೇಳಿ ಪಡೆದಿದ್ದರೆಂಬುದೂ ನನಗೆ ಗೊತ್ತಿರಲಿಲ್ಲ. ನನ್ನ ಅರ್ಜಿಯಲ್ಲಿ ಈ ಕೋರ್ಸನ್ನು ಯಾಕೆ ಓದಬೇಕೆಂದಿದ್ದೀರಿ ಎಂಬ ಪ್ರಶ್ನೆಯಿತ್ತು. ಅದಕ್ಕೆ ಅಂತರ್ಜಲ, ಸುಸ್ಥಿರತೆ, ಸಮುದಾಯ ಎಂದೆಲ್ಲ ಇಂಗ್ಲಿಷಿನಲ್ಲಿ ಉದ್ದುದ್ದ ಬರೆದಿದ್ದೆ. ಓದಿ ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಹುಣಸೆಮರದ ಕೆಳಗೆ ಕೂತು ಅಮ್ಮನ ಹೆಗಲಿಗೆ ಒರಗಿಕೊಂಡೆ. ಬಸ್ಸು ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

ಹಳ್ಳಿಯವರ ಪಟ್ಟಿಗೆ ನಾನು ಅರ್ಜಿ ಹಾಕಲಿಲ್ಲ. ನಾಲ್ಕೂ ಸರ್ಟಿಫಿಕೇಟನ್ನು ಕಂಡ ಸೈಬರ್ ಸೆಂಟರಿನವನು, "ಏನ್ ಮೇಡಂ ಹಿಂಗ್ ಮಾಡ್ಕಂಡ್ರಿ" ಎಂದು ತಲೆ ಚಚ್ಚಿಕೊಂಡ. ಮೊದಲ ಸುತ್ತಿನಲ್ಲಿ ಹೆಸರು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಅಮ್ಮ ಬೆಳಿಗ್ಗೆ ಎದ್ದು ಮೊದಲು ನನ್ನ ಮೊಬೈಲು ನೋಡುತ್ತಿದ್ದರು, ನಾನು ಕಂಟ್ರಾಕ್ಟರ ನಂಬರು ತೆಗೆದು ನೋಡಿ ಮತ್ತೆ ಇಡುತ್ತಿದ್ದೆ. ಒಂದು ದಿನ ಕರೆ ಮಾಡಿಯೂ ಬಿಟ್ಟೆ. ಅವರು ಎತ್ತಲಿಲ್ಲ, ನನ್ನ ಪುಣ್ಯ. ಕಡೆಯ ಸುತ್ತಿನಲ್ಲಿ, ಯಾರೋ ಬಿಟ್ಟುಹೋದ ಒಂದು ಸೀಟಿಗೆ ಸಾಮಾನ್ಯ ಪಟ್ಟಿಯಿಂದ ನನ್ನ ಹೆಸರು ಬಂತು. ಕಾಲೇಜು ದೂರದಲ್ಲಿತ್ತು, ನಾವು ಯಾರೂ ಕಂಡಿರದ ಊರು. ಅಮ್ಮ ಸುದ್ದಿ ಕೇಳಿ ಕುಕ್ಕರಿನ ಮುಂದೆ ನಿಂತೇ ಒಂದು ನಿಟ್ಟುಸಿರು ಬಿಟ್ಟರು. ಅಪ್ಪ ಎರಡು ಹೊಸ ಚೂಡಿದಾರ ಹೊಲಿದುಕೊಟ್ಟರು.

ಹಾಸ್ಟೆಲಿಗೆ ಬಿಡಲು ಅಮ್ಮ ಬಂದರು. ಹಾಸಿಗೆ, ಫ್ಯಾನು, ಕಿಟಕಿ ಯಾವುದನ್ನೂ ನೋಡಲಿಲ್ಲ. ನೇರವಾಗಿ ಮೆಟ್ಟಿಲ ಪಕ್ಕದ ನಲ್ಲಿಗೆ ಹೋಗಿ ಬೊಗಸೆಯಲ್ಲಿ ನೀರು ಹಿಡಿದು ಮೂಸಿದರು, ಒಂದು ಗುಟುಕು ಕುಡಿದರು. ಆದರೂ ಸಮಾಧಾನವಾದಂತೆ ಕಾಣಲಿಲ್ಲ. ಅಷ್ಟರಲ್ಲಿ ಎರಡನೇ ವರ್ಷದ ಹುಡುಗಿಯರು ಮಾತಾಡುತ್ತ ಮೆಟ್ಟಿಲಿಳಿದು ಬಂದರು. ಅಮ್ಮ ಅವರಲ್ಲೊಬ್ಬಳನ್ನು ನಿಲ್ಲಿಸಿ, "ಒಂಚೂರು ನಗು ಮಗ, ನೋಡಾನ" ಎಂದರು. ಆ ಹುಡುಗಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು, ಆಮೇಲೆ ನಕ್ಕಳು. ಅವಳ ಪಕ್ಕದವಳೂ ನಕ್ಕಳು. ದೊಡ್ಡವರಾದ ಮೇಲೆ ಕುಡಿದ ಫ್ಲೋರೈಡ್ ನೀರಿನಿಂದ ಹಲ್ಲಿಗೆ ಆ ಕಂದು ಗೆರೆ ಬರುವುದಿಲ್ಲ, ಅದು ಚಿಕ್ಕಂದಿನಲ್ಲೇ ಬರುವಂಥದ್ದು ಎಂದು ನಾನು ಆಗಲೇ ಓದಿಕೊಂಡಿದ್ದೆ. ನಾಲಿಗೆಯ ತುದಿಗೆ ಬಂದರೂ ಹೇಳಲಿಲ್ಲ. ಅಮ್ಮ ಒಬ್ಬೊಬ್ಬರ ಹಲ್ಲನ್ನೂ ಕಣ್ಣು ಕಿರಿದು ಮಾಡಿ ನೋಡಿ ಮುಗಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಸರಿ ಐತೆ. ಇಲ್ಲೇ ಇರು" ಎಂದರು.